ಪೋಡಿಗೆ ಹೋಗುವವರ ಓದು

ಯೇವಲಾ ಅಂದರೆ ಪುಣೆಯ ಕನ್ನಡಿಗರಿಗೆ ಪೈಠಣಿ ಸೀರೆ, ಅಷ್ಟೇ. ಅದೇ ನಾಸಿಕ್ ಜಿಲ್ಲೆಯ ಪಶ್ಚಿಮಕ್ಕೆ ಹೋದರೆ ಪೇಠ, ಸುರಗಾಣಾ ಕಡೆ ಕೋಕಣಾ, ವಾರಲಿ, ಮಹಾದೇವ ಕೋಳಿ ಜನರ ಊರುಗಳಿವೆ. ಮಹಾರಾಷ್ಟ್ರದ ಆದಿವಾಸಿ ವಿಕಾಸ ಆಯುಕ್ತರ ಕಚೇರಿ ಇರುವುದೂ ನಾಸಿಕ್‌ನಲ್ಲೇ. ನಾವು ಮಾತ್ರ ಸೀರೆ ಕೊಂಡು ವಾಪಸ್!

ಈ ವಿಷಯ ನನ್ನ ತಲೆಗೆ ಹೊಕ್ಕಿದ್ದು ಅಕ್ಕನ ಮಗಳಿಂದ. ಎಂಎಸ್‌ಡಬ್ಲ್ಯೂ ಮುಗಿಸಿದ ಹುಡುಗಿ ಬೆಂಗಳೂರಿನ ಎಚ್‌ಆರ್ ಕೆಲಸ ಬಿಟ್ಟು, ಚಾಮರಾಜನಗರ ಜಿಲ್ಲೆಯಲ್ಲಿ ಸೋಲಿಗರ ನಡುವೆ ಆರೋಗ್ಯದ ಕೆಲಸಕ್ಕೆ ಸೇರುತ್ತೇನೆ ಅಂದಳು. ಮನೆಯಲ್ಲಿ ಗಲಾಟೆ. ಸಂಬಳ ಅರ್ಧಕ್ಕಿಂತ ಕಡಿಮೆ. ಐಟಿಯವನೆಂದು ಬುದ್ಧಿ ಹೇಳುವ ಜವಾಬ್ದಾರಿ ನನಗೆ ಬಂತು. ನಾನು ಕೇಳಿದ್ದು ಒಂದೇ: "ಎರಡು ವರ್ಷದಲ್ಲಿ ಆದಿವಾಸಿಗಳ ಬಗ್ಗೆ ಎಷ್ಟು ಓದಿದೆ?" "ಒಂದೇ ಅಧ್ಯಾಯ ಮಾಮ, ಪರೀಕ್ಷೆಗೂ ಬರಲಿಲ್ಲ."

ಆಸ್ಟ್ರೇಲಿಯಾದಲ್ಲಿ ಹಾಗಲ್ಲ. ಅಲ್ಲಿನ ವೃತ್ತಿಶಿಕ್ಷಣದಲ್ಲಿ ಮೂಲನಿವಾಸಿಗಳ 'ಸಾಂಸ್ಕೃತಿಕ ಸುರಕ್ಷತೆ' ಎಂಬ ಪ್ರತ್ಯೇಕ ಪಾಠವೇ ಇದೆ. ನರ್ಸಿಂಗ್ ಡಿಪ್ಲೊಮಾ ಮಾಡುವವರೂ ಅದನ್ನು ಓದಬೇಕು. ಆ ವಿಚಾರವನ್ನು ಬೆಳೆಸಿದವರು ನ್ಯೂಜಿಲೆಂಡಿನ ಮಾವೋರಿ ನರ್ಸ್ ಇರಿಹಪೆಟಿ ರಾಮ್ಸ್‌ಡೆನ್. ಸೇವೆ ಸರಿಯಿತ್ತೇ ಇಲ್ಲವೇ ಎಂದು ತೀರ್ಮಾನಿಸಬೇಕಾದವರು ಅದನ್ನು ಪಡೆದವರು, ಕೊಟ್ಟವರಲ್ಲ ಅನ್ನುವುದು ಅದರ ತಿರುಳು.

ನಮ್ಮಲ್ಲಿ ಇದನ್ನು ಪಠ್ಯವಿಲ್ಲದೆ ಕಲಿತವರಿದ್ದಾರೆ. 1986ರಲ್ಲಿ ಗಡಚಿರೋಲಿಗೆ ಹೋದ ಅಭಯ್ ಮತ್ತು ರಾಣಿ ಬಂಗ್ ದಂಪತಿ ಆಸ್ಪತ್ರೆ ಹೇಗಿರಬೇಕೆಂದು ಗೊಂಡರನ್ನೇ ಕೇಳಿದರು. ದೊಡ್ಡ ಕಟ್ಟಡ ಭಯ, ಬಿಳಿ ಬಟ್ಟೆ ಹೆಣದ ನೆನಪು ಅಂದರಂತೆ ಜನ. ಗುಡಿಸಲುಗಳಂತೆ ಆಸ್ಪತ್ರೆ ಕಟ್ಟಿ, ದಂತೇಶ್ವರಿ ದೇವಿಯ ಹೆಸರಿಟ್ಟರು. ಅವರು ಊರಿನ ಹೆಂಗಸರಿಗೇ ತರಬೇತಿ ಕೊಟ್ಟು ನಡೆಸಿದ ನವಜಾತ ಶಿಶುಗಳ ಆರೈಕೆಯಿಂದ ನವಜಾತ ಶಿಶುಗಳ ಮರಣ ಶೇ. 62ರಷ್ಟು ಇಳಿದ ಅಧ್ಯಯನ 1999ರಲ್ಲಿ ಲ್ಯಾನ್ಸೆಟ್‌ನಲ್ಲಿ ಬಂತು.

ಬಿಳಿಗಿರಿರಂಗನ ಬೆಟ್ಟದಲ್ಲಿ ಡಾ. ಎಚ್. ಸುದರ್ಶನ್ 1981ರಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಶುರುಮಾಡಿದರು. ಅಲ್ಲಿಗೆ ಹೋಗುವವರು ಮೊದಲು ಕಲಿಯಬೇಕಾದ ಮಾತು 'ಪೋಡು': ಸೋಲಿಗರ ಊರು. ರಂಗನಾಥಸ್ವಾಮಿ ಸೋಲಿಗರ ಹುಡುಗಿಯನ್ನು ಮದುವೆಯಾದವನು, ಹಾಗಾಗಿ ಅವರಿಗೆ ಭಾವ. ದೊಡ್ಡ ಸಂಪಿಗೆ ಮರವೂ ದೇವರೇ. ಇಷ್ಟು ಚಂದದ ಕಥೆ. ನಮ್ಮ ನಗರದವರು ಇಲ್ಲಿಗೇ ನಿಲ್ಲಿಸಿ ಫೋಟೋ ತೆಗೆಯುತ್ತೇವೆ.

ಉಳಿದದ್ದು ಕಹಿ. 1974ರಲ್ಲಿ ಕಾಡು ಅಭಯಾರಣ್ಯವಾಯಿತು. ಬೇಟೆ, ಸ್ಥಳ ಬದಲಿಸಿ ಮಾಡುವ ಬೇಸಾಯ ನಿಂತವು, ಎಷ್ಟೋ ಪೋಡುಗಳು ಜಾಗ ಬಿಟ್ಟು ಬಂದವು. ಸಮುದಾಯ ಅರಣ್ಯ ಹಕ್ಕು ಸಿಕ್ಕಿದ್ದು 2011ರಲ್ಲಿ. ಗೆಡ್ಡೆ, ಸೊಪ್ಪು, ಜೇನು ತಿಂದು ಬೆಳೆದವರಿಗೆ ಪೌಷ್ಟಿಕ ಆಹಾರದ ಪಾಠ ಹೇಳಲು ಹೊರಟ ಹುಡುಗಿಗೆ ಈ ಇತಿಹಾಸ ಗೊತ್ತಿಲ್ಲದಿದ್ದರೆ, "ನಮ್ಮ ಕಾಡು ಎಲ್ಲಿ?" ಎಂಬ ಪ್ರಶ್ನೆಗೆ ಏನು ಉತ್ತರ ಕೊಡುತ್ತಾಳೆ? ಸೋಲಿಗರಲ್ಲಿ ಸಿಕಲ್ ಸೆಲ್ ರಕ್ತಹೀನತೆಯೂ ಇದೆ. ಅದು ವಂಶದಲ್ಲಿ ಬರುವ ಕಾಯಿಲೆ, ಹಾಗಾಗಿ ಮದುವೆ, ಕುಲಗಳ ಮಾತೆತ್ತದೆ ಆಗುವುದಿಲ್ಲ. ಕುಲ ಗೊತ್ತಿಲ್ಲದವಳ ಕೈಯಲ್ಲಿ ಈ ಮಾತು ಅವಮಾನವಾಗಿಬಿಡಬಹುದು.

ಅಕ್ಕನಿಗೆ ನಾನು ಹೇಳಿದ್ದು: ಹೋಗಲಿ, ಆದರೆ ಮೊದಲ ಮೂರು ತಿಂಗಳು ಕಲಿಯುವವಳಾಗಿ ಹೋಗಲಿ. ಕಲಿಸುವವರು ಅಲ್ಲೇ ಇದ್ದಾರೆ. ಸೋಲಿಗರೇ ಆದ ಸಿ. ಮಾದೇಗೌಡ ಡಾಕ್ಟರೇಟ್ ಪಡೆದು ತಮ್ಮ ಜನರ ಹಕ್ಕಿಗಾಗಿ ದುಡಿದವರು. ಅಂಥವರಿರುವ ಊರಿನಲ್ಲಿ ಹೊಸದಾಗಿ ಹೋದವಳು ಟೀಚರಮ್ಮನಾಗುವುದು ಬೇಡ.