ತಂತಿಯಲ್ಲಿ ಬರುವ ಕಂದು ಕಲ್ಲಿದ್ದಲು

ಕಳೆದ ಸೆಮಿಸ್ಟರ್ ವೈವಾದಲ್ಲಿ ಸರ್ ಕೇಳಿದರು: ‘ಕರ್ನಾಟಕ ಲಿಗ್ನೈಟ್ ಬಳಸುತ್ತಾ?’ ‘ಇಲ್ಲ ಸರ್, ನಮ್ಮಲ್ಲಿ ಗಣಿಯೇ ಇಲ್ವಲ್ಲ’ ಎಂದೆ. ‘ನಿಮ್ಮ ಮನೆ ಫ್ಯಾನ್ ಕೇಳು, ಹೇಳುತ್ತೆ’ ಎಂದು ನಕ್ಕರು. ಎರಡು ಅಂಕ ಹೋಯಿತು.

ಅವಮಾನಕ್ಕೆ ರಾತ್ರಿಯೆಲ್ಲ ಓದಿದೆ. ಲಿಗ್ನೈಟ್ ಅಂದರೆ ಕಂದು ಕಲ್ಲಿದ್ದಲು. ತಮಿಳುನಾಡಿನ ನೈವೇಲಿಯಲ್ಲಿ ಅಗೆಯುವ ಲಿಗ್ನೈಟ್‌ನಲ್ಲಿ ಹೆಚ್ಚುಕಡಿಮೆ ಅರ್ಧ ನೀರು. ಕಿಲೋಗೆ ಸಿಗುವ ಶಾಖ ಸುಮಾರು 2,600 ಕಿಲೋಕ್ಯಾಲೊರಿ ಮಾತ್ರ. ರೈಲಿಗೆ ತುಂಬಿದರೆ ನೀರಿಗೆ ಬಾಡಿಗೆ ಕೊಟ್ಟಂತೆ. ರಾಶಿ ಹಾಕಿಟ್ಟರೆ ತಾನಾಗಿ ಹೊತ್ತಿಕೊಳ್ಳುವ ಭಯ. ಹಾಗಾಗಿ ಗಣಿಯ ಪಕ್ಕದಲ್ಲೇ ಬಾಯ್ಲರ್. ರಾಯಚೂರಿಗೆ ಕಲ್ಲಿದ್ದಲು ರೈಲಿನಲ್ಲಿ ಬರುತ್ತದೆ, ಲಿಗ್ನೈಟ್ ನಮಗೆ ತಂತಿಯಲ್ಲಿ ಬರುತ್ತದೆ! ನೈವೇಲಿ ವಿದ್ಯುತ್ತಿನಲ್ಲಿ ದಕ್ಷಿಣದ ಇತರ ರಾಜ್ಯಗಳ ಜೊತೆ ಕರ್ನಾಟಕಕ್ಕೂ ಪಾಲಿದೆ.

1956ರಲ್ಲಿ ಹುಟ್ಟಿದ ಆ ಸರ್ಕಾರಿ ಕಂಪನಿ ಒಂದು ಕಾಲಕ್ಕೆ ಯೂರಿಯಾವನ್ನೂ, ಒಲೆಗೆ ಹಾಕುವ ‘ಲೆಕೊ’ ಎಂಬ ಇಂಧನದ ಉಂಡೆಯನ್ನೂ ಮಾಡುತ್ತಿತ್ತು. ಈಗ ಎರಡೂ ಇಲ್ಲ, ಲಿಗ್ನೈಟ್‌ನ ಮುಖ್ಯ ಕೆಲಸ ಕರೆಂಟ್. ಗುಜರಾತ್‌ನಲ್ಲಿ ಬಟ್ಟೆ ಸಂಸ್ಕರಣೆಯಂಥ ಸಣ್ಣ ಉದ್ಯಮಗಳೂ ಅದನ್ನು ಸುಡುತ್ತವೆ.

ನನ್ನನ್ನು ಕಾಡಿದ ಲೆಕ್ಕ ಬೇರೆ. 1962ರಲ್ಲಿ ರಷ್ಯನ್ನರ ನೆರವಿನಿಂದ ಶುರುವಾದ ಹಳೆಯ ಸ್ಥಾವರದಲ್ಲಿ ಒಂಬತ್ತು ಘಟಕ ಸೇರಿ 600 ಮೆಗಾವಾಟ್. 2020ರಲ್ಲಿ ಅದು ಮುಚ್ಚಿತು. ಬದಲಿಗೆ ಬಂದ ಹೊಸ ಸ್ಥಾವರದಲ್ಲಿ ಎರಡೇ ಘಟಕ, 1,000 ಮೆಗಾವಾಟ್. ಕರೆಂಟ್ ಹೆಚ್ಚು, ಯಂತ್ರ ಕಡಿಮೆ. ಕೆಲಸಗಾರರು? ನೀವೇ ಊಹಿಸಿ. ಜಮೀನು ಕೊಟ್ಟ ಕುಟುಂಬಗಳು ಅಲ್ಲಿ ಇವತ್ತಿಗೂ ಕೆಲಸ ಕೇಳುತ್ತಿವೆ. 2023ರ ಜುಲೈನಲ್ಲಿ ಗಣಿಗಾಗಿ ಕಾಲುವೆ ತಿರುಗಿಸಲು ಬೆಳೆದು ನಿಂತ ಭತ್ತದ ಮೇಲೆಯೇ ಯಂತ್ರ ಓಡಿಸಿದ್ದರು. ನನ್ನ ಫ್ಯಾನಿನ ಗಾಳಿಯಲ್ಲಿ ಆ ಗದ್ದೆಯ ಪಾಲೂ ಇದೆ ಎಂದು ಪಠ್ಯಪುಸ್ತಕದಲ್ಲಿ ಇರಲಿಲ್ಲ.

ಅಪ್ಪ ಲೈನ್‌ಮನ್. ‘ಗೇಟ್ ಬರಿ, ಅಂಥ ಕಂಪನಿ ಸೇರ್ಕೋ, ಜೀವನ ಸೆಟ್ಲ್’ ಅನ್ನೋದು ಅವರ ಮಾತು. ಗೇಟ್ ಅಂಕದ ಮೇಲೆ ಆ ಕಂಪನಿ ಎಂಜಿನಿಯರ್‌ಗಳನ್ನು ತೆಗೆದುಕೊಂಡಿದ್ದೂ ನಿಜ. ಆದರೆ ನನಗೀಗ ಇಪ್ಪತ್ತು. ಅರವತ್ತಕ್ಕೆ ನಿವೃತ್ತಿ ಎಂದರೆ ಇನ್ನೂ ನಲವತ್ತು ವರ್ಷ. ಕಂದು ಕಲ್ಲಿದ್ದಲನ್ನೇ ನಂಬಿದ್ದ ಜರ್ಮನಿ 2038ರೊಳಗೆ ಕಲ್ಲಿದ್ದಲು ವಿದ್ಯುತ್ ನಿಲ್ಲಿಸಲು ಕಾನೂನು ಮಾಡಿಕೊಂಡಿದೆ. ನೈವೇಲಿಯ ಕಂಪನಿಯೇ ಸಾವಿರ ಮೆಗಾವಾಟ್‌ಗೂ ಮೀರಿ ಸೋಲಾರ್ ಹಾಕಿದೆ. ಇತ್ತ ಹೊಸ ಬಾಯ್ಲರ್ ಉರಿಯುತ್ತಲೂ ಇದೆ. ಯಾವುದನ್ನು ನಂಬಿ ಓದಬೇಕು?

‘ಕರೆಂಟ್ ಎಲ್ಲಿಂದ ಬಂದ್ರೂ ಲೈನ್ ಬೇಕೇ ಬೇಕಲ್ಲೋ ಮಗಾ’ ಎಂದರು ಅಪ್ಪ ಫೋನಿನಲ್ಲಿ. ಅದು ಸರಿ ಅನ್ನಿಸಿತು. ಮಾರನೇ ದಿನ ಎಲೆಕ್ಟಿವ್ ಫಾರಂನಲ್ಲಿ ಥರ್ಮಲ್ ಸ್ಥಾವರದ ವಿಷಯ ಹೊಡೆದುಹಾಕಿ ಗ್ರಿಡ್ ನಿರ್ವಹಣೆ ಎಂದು ಬರೆದೆ. ಗೇಟ್‌ಗೆ ಓದುವುದನ್ನು ಬಿಟ್ಟಿಲ್ಲ.