ಸೊಪ್ಪು ಮುರಿಯುವ ಕಾಲದ ಹಾಜರಿ

ಹೊಗೆಸೊಪ್ಪು ಮುರಿಯುವ ಕಾಲ ಬಂತೆಂದರೆ ಪಿರಿಯಾಪಟ್ಟಣ, ಹುಣಸೂರು ಕಡೆಯ ಪದವಿ ತರಗತಿಗಳಲ್ಲಿ ಹಿಂದಿನ ಬೆಂಚುಗಳು ಖಾಲಿಯಾಗುತ್ತವೆ. ಹಾಜರಿ ಕರೆಯುವ ಮೇಷ್ಟ್ರು ಒಂದು ಹೆಸರಿನ ಬಳಿ ತಡೆದರೆ ಪಕ್ಕದ ಹುಡುಗ ಉತ್ತರ ಕೊಡುತ್ತಾನೆ: ‘ಅವ್ರ ಮನೇಲಿ ಇವತ್ತು ಬ್ಯಾರನ್ ತುಂಬ್ತಾವ್ರೆ ಸಾರ್.’ ಬಂದವರಲ್ಲೂ ಕೆಲವರ ಬೆರಳಿಗೆ ಸೊಪ್ಪಿನ ಕರಿ ಜಿಗುಟು ಅಂಟಿಕೊಂಡೇ ಇರುತ್ತದೆ. ಸೊಪ್ಪು ಒಣಗಿಸುವ ಆ ಬ್ಯಾರನ್ನಿನ ಬೆಂಕಿಯನ್ನು ರಾತ್ರಿಯೆಲ್ಲ ಕಾದು, ಬೆಳಿಗ್ಗೆ ರಾವಂದೂರು ಕಡೆಯ ಬಸ್ಸು ಹಿಡಿದು ಬಂದವನು ಮೊದಲ ಪೀರಿಯಡ್ಡಿನಲ್ಲಿ ತೂಕಡಿಸಿದರೆ ಅದನ್ನು ಅಸಡ್ಡೆ ಎನ್ನಲು ಮನಸ್ಸು ಬರುವುದಿಲ್ಲ.

ಪ್ರೊಫೆಸರ್ ಎಂದಾಗ ನಮ್ಮ ಕಣ್ಣಿಗೆ ಕಟ್ಟುವುದು ಮಾನಸಗಂಗೋತ್ರಿಯ ಮರಗಳು, ಗ್ರಂಥಾಲಯ, ಪಿಎಚ್.ಡಿ. ವಿದ್ಯಾರ್ಥಿಗಳು. ತಾಲ್ಲೂಕು ಕೇಂದ್ರದ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನ ಪ್ರಾಧ್ಯಾಪಕರ ದಿನಚರಿ ಬೇರೆ. ಅಲ್ಲಿ ಪಾಠವೇ ಕೆಲಸ. ಯುಜಿಸಿ ನಿಯಮದಂತೆ ಸಹಾಯಕ ಪ್ರಾಧ್ಯಾಪಕರು ವಾರಕ್ಕೆ 16 ಗಂಟೆ, ಸಹ ಪ್ರಾಧ್ಯಾಪಕರು 14 ಗಂಟೆ ನೇರ ಬೋಧನೆ ಮಾಡಬೇಕು. ‘ವಾರಕ್ಕೆ ಹದಿನಾರೇ ಗಂಟೆಯಾ?’ ಎಂದು ಊರಿನವರು ಕೇಳುವುದುಂಟು. ಪಿಯುಸಿವರೆಗೂ ಕನ್ನಡದಲ್ಲೇ ಓದಿ, ಮನೆಗೆ ಮೊದಲ ಪದವೀಧರಳಾಗಲು ಹೊರಟ ಹುಡುಗಿಯ ಕೈಯಲ್ಲಿ ಇಂಗ್ಲಿಷ್ ಪಠ್ಯಪುಸ್ತಕವಿದ್ದರೆ, ಒಂದು ಗಂಟೆಯ ಪಾಠಕ್ಕೆ ಎಷ್ಟು ಗಂಟೆ ಸಿದ್ಧತೆ ಬೇಕೆಂಬುದು ಆ ಲೆಕ್ಕದಲ್ಲಿ ಸೇರುವುದಿಲ್ಲ.

ಈ ಸೀಮೆಯ ಮೇಷ್ಟ್ರಿಗೆ ಬ್ಯಾರನ್ನಿಗಿಂತ ಒಳ್ಳೆಯ ಪ್ರಯೋಗಾಲಯ ಸಿಗದು ಎಂದು ನಾನು ನಂಬಿದ್ದೇನೆ. ಹಸಿರು ಸೊಪ್ಪನ್ನು ಕಡ್ಡಿಗೆ ಕಟ್ಟಿ ಒಳಗೆ ತೂಗುಬಿಟ್ಟ ಮೇಲೆ ಮೊದಲು ಬೇಕಾದದ್ದು ಮೆಲುಶಾಖ. ಆಗ ಎಲೆ ಒಮ್ಮೆಲೇ ಸಾಯುವುದಿಲ್ಲ. ಪತ್ರಹರಿತ್ತು ಒಡೆಯುತ್ತದೆ, ಹಳದಿ ಬಣ್ಣ ಮೇಲೆ ಬರುತ್ತದೆ, ಪಿಷ್ಟ ಸಕ್ಕರೆಯಾಗುತ್ತದೆ. ಅವಸರಪಟ್ಟು ಶಾಖ ಏರಿಸಿದರೆ ಎಲೆ ಹಸಿರಾಗಿಯೇ ಒಣಗಿ ಬೆಲೆ ಕಳೆದುಕೊಳ್ಳುತ್ತದೆ. ಆಮೇಲೆ ಎಲೆಯ ನೀರು ಆರಬೇಕು, ಕೊನೆಗೆ ನಡುನರ ಒಣಗಬೇಕು. ಇದಕ್ಕೆಲ್ಲ ಸುಮಾರು ಐದಾರು ದಿನ. ಕಿಣ್ವಗಳು ಯಾವ ಉಷ್ಣತೆಯಲ್ಲಿ ಕೆಲಸ ಮಾಡುತ್ತವೆ, ಯಾವಾಗ ನಿಲ್ಲಿಸುತ್ತವೆ ಎಂಬ ಪಾಠವನ್ನು ಅಪ್ಪನ ಜೊತೆ ಬೆಂಕಿ ಕಾದ ಹುಡುಗ ಹೆಸರು ತಿಳಿಯದೆಯೇ ಕಲಿತಿದ್ದಾನೆ. ಆ ಹೆಸರನ್ನು ಕೊಡುವುದು ಮೇಷ್ಟ್ರ ಕೆಲಸ.

ಅರ್ಥಶಾಸ್ತ್ರಕ್ಕೂ ದೂರ ಹೋಗಬೇಕಿಲ್ಲ. ಗುಂಟೂರಿನಲ್ಲಿ ಕೇಂದ್ರ ಕಚೇರಿಯಿರುವ ತಂಬಾಕು ಮಂಡಳಿ ಹುಟ್ಟಿದ್ದು 1976ರಲ್ಲಿ. ಕರ್ನಾಟಕದಲ್ಲಿ ಹರಾಜು ಶುರುವಾದದ್ದು 1984ರಲ್ಲಿ. ಯಾರು ಬೆಳೆಯಬಹುದು, ಎಷ್ಟು ಬೆಳೆಯಬಹುದು ಎಂಬುದಕ್ಕೆ ಮಂಡಳಿಯ ಮಿತಿ ಇದೆ. ಮಾರುವವರು ಸಾವಿರಾರು, ಕೊಳ್ಳುವ ಕಂಪನಿಗಳು ಕೆಲವೇ. ಇಂಥ ಮಾರುಕಟ್ಟೆಗೆ ಪುಸ್ತಕದಲ್ಲಿ ಒಂದು ದೊಡ್ಡ ಹೆಸರಿದೆ. ಕಂಪಲಾಪುರದ ಹರಾಜು ಕಟ್ಟೆಯಿಂದ ಪಾಠ ಶುರು ಮಾಡಿದರೆ ವರ್ಷವಿಡೀ ಬಾಯಿ ಬಿಡದವನೂ ಎದ್ದು ನಿಂತು ಮಾತಾಡುತ್ತಾನೆ. ಕೆಳದರ್ಜೆ ಸೊಪ್ಪಿನ ಬೆಲೆ ಬಿದ್ದ ದಿನ ಅವನ ಮನೆಯಲ್ಲಿ ಊಟದ ಹೊತ್ತು ಹೇಗಿತ್ತೆಂದು ಅವನಿಗೆ ಗೊತ್ತು. ಇನ್ನು ಕನ್ನಡ ಮೇಷ್ಟ್ರಿಗಂತೂ ಈ ಊರಿನ ಹೆಸರಿನಲ್ಲೇ ‘ಪಿರಿಯಾಪಟ್ಟಣದ ಕಾಳಗ’ ಎಂಬ ಜನಪದ ಕಥನಗೀತೆ ಇದೆ. ಯಾರ ಅಜ್ಜಿಗೆ ಅದರ ಎರಡು ಸಾಲು ಬರುತ್ತದೆ ಎಂದು ಕೇಳಿದರೆ ಸಾಕು.

ಇಂಥ ಪಾಠಕ್ಕೆ ಎಷ್ಟು ಅಂಕ? ಅಧ್ಯಾಪಕರ ಬಡ್ತಿಗೆಂದು ಯುಜಿಸಿ 2010ರಲ್ಲಿ ತಂದ ಎಪಿಐ ಅಂಕಪದ್ಧತಿ ಕಾಲೇಜು ಅಧ್ಯಾಪಕರನ್ನೂ ಪ್ರಬಂಧ ಪ್ರಕಟಣೆಯ ಹಿಂದೆ ಓಡಿಸಿತು. 2018ರ ನಿಯಮಗಳು ಕಾಲೇಜಿನವರನ್ನು ಆ ಓಟದಿಂದ ಬಿಡಿಸಿ ಬೋಧನೆಗೆ ತೂಕ ಕೊಟ್ಟವು. ಅದು ಸರಿಯಾದ ತೀರ್ಮಾನ. ಆದರೆ ಅಳತೆಗೋಲು ಯಾವುದು ನೋಡಿ: ವಹಿಸಿದ ತರಗತಿಗಳಲ್ಲಿ ಶೇ 80 ಅಥವಾ ಅದಕ್ಕಿಂತ ಹೆಚ್ಚು ತೆಗೆದುಕೊಂಡಿದ್ದರೆ ‘ಉತ್ತಮ’, ಶೇ 70ಕ್ಕಿಂತ ಕಡಿಮೆಯಾದರೆ ‘ತೃಪ್ತಿಕರವಲ್ಲ’. ತರಗತಿ ನಡೆಯಿತೇ ಎಂದು ಅದು ಕೇಳುತ್ತದೆ, ಅಲ್ಲಿ ಏನು ನಡೆಯಿತು ಎಂದಲ್ಲ.

ಇನ್ನೂ ನೋವಿನ ಮಾತೊಂದಿದೆ. ರಾಜ್ಯದ ಸರ್ಕಾರಿ ಪದವಿ ಕಾಲೇಜುಗಳ ಪಾಠದ ದೊಡ್ಡ ಪಾಲನ್ನು ಹೊತ್ತವರು ಅತಿಥಿ ಉಪನ್ಯಾಸಕರು. 2022ರ ಪರಿಷ್ಕರಣೆಗೆ ಮುನ್ನ ಅವರ ತಿಂಗಳ ಗೌರವಧನ 11 ಸಾವಿರದಿಂದ 13 ಸಾವಿರ ರೂಪಾಯಿ. ಆಮೇಲೆ ಅದು 26 ಸಾವಿರದಿಂದ 32 ಸಾವಿರಕ್ಕೆ ಏರಿತು, ಅದರ ಜೊತೆಗೇ ತಲಾ ಕಾರ್ಯಭಾರವೂ ವಾರಕ್ಕೆ 15 ಗಂಟೆಯಾದಾಗ ಹಲವರಿಗೆ ಜಾಗವೇ ಇಲ್ಲವಾಯಿತು. ಮುಂದಿನ ವರ್ಷ ತಾನು ಇದೇ ಕಾಲೇಜಿನಲ್ಲಿ ಇರುವೆನೋ ಇಲ್ಲವೋ ತಿಳಿಯದವರು ವಿದ್ಯಾರ್ಥಿಗೆ ಮೂರು ವರ್ಷದ ಭರವಸೆ ಕೊಡುವುದು ಹೇಗೆ? ಆದರೂ ಕೊಡುತ್ತಾರೆ. ಅದಕ್ಕಾಗಿ ಅವರ ಮೇಲೆ ನನಗೆ ಅಪಾರ ಗೌರವ.

ಸೊಪ್ಪಿನ ಕೆಲಸ ಮುಗಿದು ಹಿಂದಿನ ಬೆಂಚು ಮತ್ತೆ ತುಂಬುವ ಹೊತ್ತಿಗೆ ಕಿರುಪರೀಕ್ಷೆ ಬಾಗಿಲಲ್ಲಿ ನಿಂತಿರುತ್ತದೆ. ಆಗ ನಾಲ್ಕು ಗಂಟೆಯ ಮೇಲೆ ಖಾಲಿ ಕೊಠಡಿಯೊಂದರಲ್ಲಿ ನಾಲ್ಕೈದು ಮಂದಿ ಕೂತಿರುತ್ತಾರೆ. ಮೇಷ್ಟ್ರು ಆಗಸ್ಟಿನ ಪಾಠವನ್ನು ಮೊದಲಿನಿಂದ ಹೇಳುತ್ತಾರೆ, ಊರಿನ ಬಸ್ಸು ತಪ್ಪದಿರಲಿ ಎಂದು ನಡುನಡುವೆ ಗಡಿಯಾರ ನೋಡುತ್ತಾ.