ಊರ ಕರೆಂಟು, ಊರ ಲೆಕ್ಕ

ಸವದತ್ತಿಯಿಂದ ಯಲ್ಲಮ್ಮನ ಗುಡ್ಡಕ್ಕೆ ಹೊರಟ ಬಸ್ಸು ಏರು ಹತ್ತತೊಡಗಿತೆಂದರೆ ಕಿಟಕಿ ಪಕ್ಕ ಕುಳಿತ ಮಕ್ಕಳ ಕಣ್ಣು ದೂರದ ಗುಡ್ಡಸಾಲಿನತ್ತ ಹೊರಳುತ್ತದೆ. ಅಲ್ಲಿ ನಿಂತಿವೆ ಎತ್ತರೆತ್ತರದ ಬಿಳಿ ಕಂಬಗಳು. ಒಂದೊಂದರ ತುದಿಗೆ ಮೂರು ಮೂರು ರೆಕ್ಕೆ. ಪುಸ್ತಕದಲ್ಲಿ ಅವಕ್ಕೆ ಗಾಳಿಯಂತ್ರ ಎಂದು ಹೆಸರು. ಜನರ ಬಾಯಲ್ಲಿ ಬರೀ ‘ಫ್ಯಾನು’. ಮುಂಗಾರು ಗಾಳಿ ಬೀಸುವ ತಿಂಗಳುಗಳಲ್ಲಿ ಅವು ಬಿಡುವಿಲ್ಲದೆ ತಿರುಗುತ್ತವೆ. ಬೇಸಿಗೆಯ ಕೆಲವು ಮಧ್ಯಾಹ್ನ ಗರ ಬಡಿದಂತೆ ಸುಮ್ಮನೆ ನಿಂತಿರುತ್ತವೆ.

ಮಕ್ಕಳಿಗೆ ಸಹಜವಾಗಿಯೇ ಏಳುವ ಪ್ರಶ್ನೆ: ಆ ಫ್ಯಾನಿನ ಕರೆಂಟು ಎಲ್ಲಿಗೆ ಹೋಗುತ್ತದೆ? ‘ಬೆಂಗಳೂರಿಗೆ’ ಎಂದು ಹೇಳಿ ಬಾಯಿ ಮುಚ್ಚಿಸುವುದು ದೊಡ್ಡವರ ಪದ್ಧತಿ. ಈ ಉತ್ತರ ಅರ್ಧ ಮಾತ್ರ ಸರಿ. ಗಾಳಿಯಂತ್ರ ಹುಟ್ಟಿಸಿದ ವಿದ್ಯುತ್ತು ಜಾಲಕ್ಕೆ, ಅಂದರೆ ಗ್ರಿಡ್ಡಿಗೆ, ಸೇರುತ್ತದೆ. ಸೇರಿದ ಮೇಲೆ ಅದಕ್ಕೆ ಊರು ಕೇರಿಯ ಹಂಗಿಲ್ಲ. ಭೌತಶಾಸ್ತ್ರದ ಪ್ರಕಾರ ನೋಡಿದರೆ ಅದರ ದೊಡ್ಡ ಪಾಲು ಹತ್ತಿರದ ಊರುಗಳ ಪಂಪು, ಗಿರಣಿ, ದೀಪಗಳಲ್ಲೇ ಖರ್ಚಾಗುತ್ತಿರಬಹುದು. ಊರು ದಾಟಿ ಹೋಗುವುದು ಲೆಕ್ಕ. ಯಂತ್ರ ಯಾರದು, ಯೂನಿಟ್ಟಿಗೆ ದರ ಎಷ್ಟು, ಕೆಟ್ಟರೆ ರಿಪೇರಿ ಯಾವಾಗ, ಇವನ್ನೆಲ್ಲ ನಿರ್ಧರಿಸುವವರು ಗುಡ್ಡದ ಕೆಳಗಿನ ಊರಿನವರಲ್ಲ.

ಈ ಸೀಮೆಗೆ ಇದು ಹೊಸದೂ ಅಲ್ಲ. ಇದೇ ಬೆಳಗಾವಿ ಜಿಲ್ಲೆಯ ಗೋಕಾಕ ಜಲಪಾತದ ಬಳಿ 1887ರಷ್ಟು ಹಿಂದೆಯೇ ಘಟಪ್ರಭೆಯ ನೀರಿನ ಬಲದಿಂದ ಹತ್ತಿ ಗಿರಣಿ ತಿರುಗಿತು. ನೀರು ನಮ್ಮ ಹೊಳೆಯದು, ಲೆಕ್ಕದ ಪುಸ್ತಕ ಕಂಪನಿಯದು.

ಹಾಗಾದರೆ ಒಂದು ಊರು ತನಗೆ ಬೇಕಾದ ಶಕ್ತಿಯನ್ನು ತಾನೇ ತಯಾರಿಸಿಕೊಂಡು, ಲೆಕ್ಕವನ್ನೂ ತಾನೇ ಇಟ್ಟುಕೊಂಡು ನಡೆಸಲು ಸಾಧ್ಯವೇ? ಉತ್ತರ ಹುಡುಕಲು ಸವದತ್ತಿಯಿಂದ ನಾನೂರು ಕಿಲೋಮೀಟರಿಗೂ ದೂರ, ತುಮಕೂರು ಜಿಲ್ಲೆಯ ಕುಣಿಗಲ್ ತಾಲ್ಲೂಕಿಗೆ ಹೋಗಬೇಕು. ಅಲ್ಲಿ ಪುರ ಎಂಬ ಒಂದು ಹಳ್ಳಿ ಇದೆ. ಇಂಧನದ ವಿಷಯ ಓದುವ ಹೊರದೇಶದ ವಿದ್ಯಾರ್ಥಿಗಳಿಗೂ ಆ ಹಳ್ಳಿಯ ಹೆಸರು ಗೊತ್ತು. ನಮ್ಮ ಮಕ್ಕಳಿಗೆ ಅಷ್ಟಾಗಿ ಗೊತ್ತಿಲ್ಲ.

ಸೌದೆ ತೂಗಿದ ವಿಜ್ಞಾನಿಗಳು

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ‘ಅಸ್ತ್ರ’ ಎಂಬ ತಂಡ ಹುಟ್ಟಿತು. ಹಳ್ಳಿಗಳಿಗೆ ವಿಜ್ಞಾನ ಮತ್ತು ತಂತ್ರಜ್ಞಾನವನ್ನು ಅಳವಡಿಸುವುದು ಅದರ ಉದ್ದೇಶ. ಮುಂದಾಳು ಪ್ರೊ. ಅಮೂಲ್ಯ ಕೆ.ಎನ್. ರೆಡ್ಡಿ. ಅವರು ಮೂಲತಃ ವಿದ್ಯುತ್ ರಸಾಯನಶಾಸ್ತ್ರಜ್ಞರು. ಪ್ರಯೋಗಾಲಯದಲ್ಲೇ ಹಾಯಾಗಿ ಇರಬಹುದಾಗಿದ್ದ ಈ ಮನುಷ್ಯ ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ಕೇಂದ್ರ ತೆರೆಯಿಸಿದರು. ತಂಡ ಮೊದಲು ಮಾಡಿದ್ದು ಯಂತ್ರ ತಯಾರಿಕೆಯಲ್ಲ, ತೂಕ. ಉಂಗ್ರದ ಸುತ್ತಲಿನ ಆರು ಹಳ್ಳಿಗಳಲ್ಲಿ ಮನೆ ಮನೆಗೆ ಹೋಗಿ ಎಷ್ಟು ಸೌದೆ ಉರಿಯುತ್ತದೆ, ಎಷ್ಟು ಸೀಮೆಎಣ್ಣೆ ಬೇಕಾಗುತ್ತದೆ, ಯಾರು ಎಷ್ಟು ಹೊತ್ತು ದುಡಿಯುತ್ತಾರೆ ಎಂದು ಅಳೆದರು.

ಪುರದಲ್ಲಿ ಸಿಕ್ಕ ಅಂಕಿಗಳು ಇವು: ಹಳ್ಳಿ ಬಳಸುವ ಒಟ್ಟು ಶಕ್ತಿಯಲ್ಲಿ ಸೌದೆಯದು ಶೇ 89, ಮನುಷ್ಯರ ಮೈಬಲದ್ದು ಶೇ 7, ಸೀಮೆಎಣ್ಣೆಯದು ಶೇ 2. ಎತ್ತುಗಳದು ಶೇ 1, ವಿದ್ಯುತ್ತಿನದೂ ಅಷ್ಟೇ, ಶೇ 1. ದೆಹಲಿಯಲ್ಲಿ, ಬೆಂಗಳೂರಿನಲ್ಲಿ ಇಂಧನ ನೀತಿ ಎಂದರೆ ವಿದ್ಯುತ್ತು ಮತ್ತು ಪೆಟ್ರೋಲಿನ ಮಾತೇ ನಡೆಯುತ್ತಿದ್ದ ಕಾಲ ಅದು. ಹಳ್ಳಿಯ ಶಕ್ತಿಯೆಲ್ಲ ಅಡುಗೆ ಒಲೆಯಲ್ಲಿ ಉರಿಯುತ್ತಿತ್ತು. ಅದನ್ನು ಹೊತ್ತು ತರುತ್ತಿದ್ದವರಲ್ಲಿ ಹೆಂಗಸರೂ ಮಕ್ಕಳೂ ಇದ್ದರು.

ಇದನ್ನು ಕಂಡ ಮೇಲೆ ಯಾರಿಗಾದರೂ ಹೊಳೆಯುವ ಉಪಾಯವೆಂದರೆ ಸೌದೆಯ ಬದಲು ಗೋಬರ್ ಗ್ಯಾಸ್. ಎಂಬತ್ತರ ದಶಕದ ಮೊದಲಲ್ಲಿ ಪುರದಲ್ಲಿ ಊರಿಗೆಲ್ಲ ಸೇರಿದ ಒಂದು ಸ್ಥಾವರ ಕಟ್ಟಿ ಅಡುಗೆಗೆ ಅನಿಲ ಕೊಡುವ ಪ್ರಯತ್ನ ನಡೆಯಿತು. ಅದು ಕೈಗೂಡಲಿಲ್ಲ.

ಏಕೆ ಎಂಬುದನ್ನು ವಿದ್ಯಾರ್ಥಿಗಳು ತಾವೇ ಲೆಕ್ಕ ಹಾಕಿ ನೋಡಬಹುದು. ಪುರದಲ್ಲಿ ಆಗ ಸುಮಾರು 90 ಮನೆ, 450ಕ್ಕೂ ಹೆಚ್ಚು ಜನ, ಸುಮಾರು 250 ದನ. ದನ ಹೊರಗೆ ಮೇಯುವುದರಿಂದ ಕೊಟ್ಟಿಗೆಯಲ್ಲಿ ಕೈಗೆ ಸಿಗುವ ಸೆಗಣಿ ತಲೆಗೆ 5 ಕೆ.ಜಿ.ಯಷ್ಟೇ. ಒಟ್ಟು ಒಂದೂಕಾಲು ಟನ್ ಎನ್ನಿ. ಇದರಿಂದ ದಿನಕ್ಕೆ ಹುಟ್ಟುವ ಅನಿಲ ಸುಮಾರು 42 ಘನ ಮೀಟರ್. ಮನೆಗೆ ಹಂಚಿದರೆ ಅರ್ಧ ಘನ ಮೀಟರೂ ಬರುವುದಿಲ್ಲ. ಎರಡು ಹೊತ್ತಿನ ಅಡುಗೆ ಅದರಲ್ಲಿ ಮುಗಿಯುವುದಿಲ್ಲ. ಉಳಿದದ್ದಕ್ಕೆ ಸೌದೆ ತರಲೇಬೇಕು; ತರುವುದು ತಪ್ಪದ ಮೇಲೆ ಇನ್ನೊಂದು ಹೊರೆ ತಂದರೆ ಆಯಿತಲ್ಲ! ಸೌದೆಗೆ ಕೈಯಿಂದ ಕಾಸು ಕೊಡುವುದೂ ಇರಲಿಲ್ಲ. ವಿಜ್ಞಾನಿಗಳ ಕಣ್ಣಿಗೆ ಮುಖ್ಯವಾಗಿ ಕಂಡದ್ದು ಊರಿನವರಿಗೆ ಅವಸರದ್ದಾಗಿ ಕಾಣಲಿಲ್ಲ.

ಇಷ್ಟಕ್ಕೆ ತಂಡ ವರದಿ ಬರೆದು ಗಂಟು ಕಟ್ಟಿ ಬೆಂಗಳೂರಿಗೆ ಹೋಗಬಹುದಾಗಿತ್ತು. ಅನೇಕ ಯೋಜನೆಗಳ ಗತಿ ಅದೇ ಅಲ್ಲವೇ? ಇಲ್ಲಿ ಹಾಗಾಗಲಿಲ್ಲ. ಊರಿಗೆ ನಿಜವಾಗಿ ಬೇಕಾದದ್ದು ಏನು ಎಂಬ ಮಾತು ಮತ್ತೆ ಎದ್ದಿತು. ಬೇಕಾದದ್ದು ಕುಡಿಯುವ ನೀರು. ಪುರದವರು ತೆರೆದ ಕೆರೆಯ ನೀರು ಹೊತ್ತು ತಂದು ಕುಡಿಯುತ್ತಿದ್ದರು. ಎರಡನೆಯದು ಬೆಳಕು. ಊರಿಗೆ ವಿದ್ಯುತ್ ತಂತಿ ಬಂದಿತ್ತಾದರೂ ಎಲ್ಲ ಮನೆಗಳಿಗೆ ಸಂಪರ್ಕವಿರಲಿಲ್ಲ. ಇದ್ದಲ್ಲಿಯೂ ವೋಲ್ಟೇಜ್ ಸಾಲದೆ ಬಲ್ಬು ಮಿಣುಕುತ್ತಿತ್ತು.

ಎರಡು ಪೈಸೆಯ ಸೆಗಣಿ

1987ರಲ್ಲಿ ಅದೇ ಅನಿಲವನ್ನು ಒಲೆಯ ಬದಲು ಎಂಜಿನ್ನಿಗೆ ಕೊಟ್ಟರು. 7 ಅಶ್ವಶಕ್ತಿಯ ಡೀಸೆಲ್ ಎಂಜಿನ್ ಅದು. ಡೀಸೆಲ್ಲಿನ ಬಹುಪಾಲು ಜಾಗವನ್ನು ಗೋಬರ್ ಗ್ಯಾಸ್ ತುಂಬುತ್ತಿತ್ತು. ಅದಕ್ಕೆ 5 ಕಿಲೋವಾಟಿನ ಜನರೇಟರ್ ಜೋಡಿಸಿದರು. ಕೊಳವೆಬಾವಿಯಿಂದ ನೀರು ಮೇಲೆ ಬಂತು, ಬೀದಿ ನಲ್ಲಿಗಳಲ್ಲಿ ಹರಿಯಿತು. ಸಂಜೆ ಮನೆಗಳಲ್ಲಿ ಟ್ಯೂಬ್‌ಲೈಟ್ ಹತ್ತಿತು. ಅಡುಗೆಗೆ ಸಾಲದ ಅದೇ 42 ಘನ ಮೀಟರ್ ಅನಿಲ ಇದಕ್ಕೆ ಸಾಕಾಯಿತು.

ಯಂತ್ರಕ್ಕಿಂತ ಸ್ವಾರಸ್ಯವಾದದ್ದು ಅದರ ಸುತ್ತ ಕಟ್ಟಿದ ಏರ್ಪಾಡು. ಸೆಗಣಿ ತಂದು ಹಾಕಿದವರಿಗೆ ಕೆ.ಜಿ.ಗೆ ಎರಡು ಪೈಸೆ. ತರುತ್ತಿದ್ದವರು ಹೆಚ್ಚಾಗಿ ಹೆಂಗಸರು ಮತ್ತು ಮಕ್ಕಳು. ಹಾಗಾಗಿ ಚಿಲ್ಲರೆ ಹಣ ಅವರ ಕೈಗೇ ಬಂತು. ಅನಿಲ ತೆಗೆದ ಮೇಲೆ ಉಳಿಯುವ ಬಗ್ಗಡವನ್ನು ಮರಳ ಹಾಸಿನ ಮೇಲೆ ಸೋಸಿ, ಯಾರು ಎಷ್ಟು ಸೆಗಣಿ ಕೊಟ್ಟಿದ್ದರೋ ಆ ಪ್ರಮಾಣದಲ್ಲಿ ಗೊಬ್ಬರವಾಗಿ ಹಿಂತಿರುಗಿಸಿದರು. ರೈತನಿಗೆ ನಷ್ಟವಿಲ್ಲ, ಗೊಬ್ಬರದ ಸಾರಜನಕ ಹೋಗುವುದಿಲ್ಲ. ದೀಪಕ್ಕೂ ಮನೆ ನಲ್ಲಿಗೂ ತಿಂಗಳ ಶುಲ್ಕ. ನಡೆಸುವವರು ಊರಿನದೇ ಹುಡುಗರು, ಮೇಲ್ವಿಚಾರಣೆ ಊರಿನದೇ ಸಭೆ.

ಎಲ್ಲರಿಗೂ ಸೇರಿದ್ದು ಯಾರಿಗೂ ಬೇಡವಾಗುತ್ತದೆ, ಗೋಮಾಳದ ಹುಲ್ಲನ್ನು ಎಲ್ಲರೂ ಮೇಯಿಸಿ ಬರಿದು ಮಾಡುತ್ತಾರೆ ಎಂಬುದು ಹಳೆಯ ವಾದ. ಪುರದಲ್ಲಿ ನಡೆದದ್ದು ಇದಕ್ಕೆ ತಿರುವುಮುರುವು ಎಂದು ರೆಡ್ಡಿಯವರು 1995ರಲ್ಲಿ ಬರೆದರು. ಅಲ್ಲಿ ಒಬ್ಬ ಸೆಗಣಿ ಕೊಡದೆ, ಶುಲ್ಕ ಕಟ್ಟದೆ ಕೂತರೆ ಯಂತ್ರ ನಿಲ್ಲುತ್ತದೆ. ಯಂತ್ರ ನಿಂತರೆ ಅವನ ಮನೆಯ ಕೊಡವೂ ಖಾಲಿ. ಅಕ್ಕಪಕ್ಕದವರು ಅವನನ್ನು ಸುಮ್ಮನೆ ಬಿಡುತ್ತಾರೆಯೇ? ಊರಿನ ಹಿತ, ತನ್ನ ಹಿತ ಎರಡೂ ಒಂದೇ ನಲ್ಲಿಯ ಬಾಯಲ್ಲಿ ಸೇರಿದವು.

ಅದೇ ತಾಲ್ಲೂಕಿನ ಹೊಸಹಳ್ಳಿಯದು ಇನ್ನೊಂದು ದಾರಿ. ವಿದ್ಯುತ್ ತಂತಿಯನ್ನೇ ಕಾಣದ ಆ ಪುಟ್ಟ ಊರಿನಲ್ಲಿ ಎರಡು ಹೆಕ್ಟೇರಿನಷ್ಟು ಜಾಗದಲ್ಲಿ ಮರ ಬೆಳೆಸಿ, ಆ ಸೌದೆಯನ್ನು ಕಡಿಮೆ ಗಾಳಿಯಲ್ಲಿ ಸುಟ್ಟು ಅನಿಲ ಮಾಡಿ 1988ರಲ್ಲಿ ಎಂಜಿನ್ ನಡೆಸಿದರು. ಮೊದಲು 3.7 ಕಿಲೋವಾಟ್, ಮುಂದೆ 20 ಕಿಲೋವಾಟ್. ದೀಪದ ಜತೆಗೆ ಕುಡಿಯುವ ನೀರು, ಹಿಟ್ಟಿನ ಗಿರಣಿ, ಹೊಲಕ್ಕೆ ನೀರಾವರಿ. ಹತ್ತು ವರ್ಷಕ್ಕೂ ಮೀರಿ ಅದು ನಡೆಯಿತು. ಕಡಿದ ಮರ ಮತ್ತೆ ಚಿಗುರುವಾಗ ಉರಿದ ಇಂಗಾಲವನ್ನೇ ಮರಳಿ ಹೀರಿಕೊಳ್ಳುತ್ತದೆ. ಆದ್ದರಿಂದ ಹವಾಮಾನದ ಲೆಕ್ಕದಲ್ಲಿ ಹೊರೆ ಕಡಿಮೆ. ಈ ಕೆಲಸದಲ್ಲಿ ತೊಡಗಿದ್ದ ಎನ್.ಎಚ್. ರವೀಂದ್ರನಾಥ್ ಮುಂದೆ ಹವಾಮಾನ ಬದಲಾವಣೆಯ ವಿಜ್ಞಾನದಲ್ಲಿ ಹೆಸರಾದರು.

ಪುರದ ಸ್ಥಾವರ ಈಗಿಲ್ಲ; ಹಲವು ವರ್ಷ ನಡೆದು ನಿಂತಿತು. ಇದನ್ನು ಮುಚ್ಚಿಟ್ಟು ಬರೀ ಗೆಲುವಿನ ಕಥೆ ಹೇಳುವುದು ಸರಿಯಲ್ಲ. ನೀರಿಗೂ ಬೆಳಕಿಗೂ ಬೇರೆ ದಾರಿ ತೆರೆದಾಗ, ಅದರಲ್ಲೂ ಬಿಟ್ಟಿಯಾಗಿ ಸಿಗುವಾಗ, ಯಾವ ಊರಿನವರಾದರೂ ದಿನಾ ಸೆಗಣಿ ಹೊರುವುದನ್ನು ಬಿಡುತ್ತಾರೆ ಎಂದು ನನಗನ್ನಿಸುತ್ತದೆ.

ಕರಿಮಣ್ಣಿನ ಒಲೆ

ಈಗ ಮತ್ತೆ ಸವದತ್ತಿಗೆ ಬರೋಣ. ದೇಶದ ಎಲ್ಲ ಹಳ್ಳಿಗಳಿಗೂ ವಿದ್ಯುತ್ತು ಮುಟ್ಟಿತೆಂದು ಕೇಂದ್ರ ಸರ್ಕಾರ 2018ರ ಏಪ್ರಿಲ್‌ನಲ್ಲಿ ಘೋಷಿಸಿತು. 2023ರಲ್ಲಿ ಕರ್ನಾಟಕದ ಗೃಹಜ್ಯೋತಿ ಬಂತು. ಉಜ್ವಲಾ ಯೋಜನೆ 2016ರಿಂದಲೇ ಬಡವರ ಮನೆಗೆ ಸಿಲಿಂಡರ್ ತಂದಿತು. ಬೆಳಕಿಗಾಗಿ ಊರು ಒಂದಾಗಬೇಕಾದ ಕಾಲ ಮುಗಿಯಿತು ಎನ್ನೋಣ. ಆದರೆ ಒಲೆ ಆರಿತೇ? ಹಳ್ಳಿಯ ಅಡುಗೆಮನೆಗೆ ಹೋಗಿ ನೋಡಿ. ಚಹಾ, ಒಗ್ಗರಣೆಗೆ ಸಿಲಿಂಡರ್. ಜೋಳದ ರೊಟ್ಟಿಗೆ ಮಾತ್ರ ಒಲೆಯೇ ಬೇಕು. ಸ್ನಾನದ ನೀರಿನ ಹಂಡೆಯ ಕೆಳಗೆ ಹತ್ತಿಕಟ್ಟಿಗೆ, ಬಳ್ಳಾರಿ ಜಾಲಿ, ಕುಳ್ಳು.

ಈ ಕುಳ್ಳಿನಲ್ಲೇ ಪುರಕ್ಕೂ ನಮ್ಮ ಸೀಮೆಗೂ ಇರುವ ವ್ಯತ್ಯಾಸ ಅಡಗಿದೆ. ಪುರದಲ್ಲಿ ಸೆಗಣಿಯನ್ನು ಉರಿಸುವ ರೂಢಿಯೇ ಇರಲಿಲ್ಲ, ಅದು ನೇರವಾಗಿ ಗೊಬ್ಬರ. ನಮ್ಮಲ್ಲಿ ತಟ್ಟಿ ಒಣಗಿಸಿ ಉರಿಸಿದರೆ ಹೊಲಕ್ಕೆ ಹೋಗಬೇಕಾದ ಸಾರಜನಕ ಹೊಗೆಯಾಗಿ ಹೋಗುತ್ತದೆ, ಕಣ್ಣುರಿ ಬೇರೆ. ಹಸಿ ತಿಪ್ಪೆಯ ಒಳಗೆ ಗಾಳಿ ಸಿಗದೆ ಕೊಳೆಯುವಾಗ ಮೀಥೇನ್ ಹುಟ್ಟುತ್ತದೆ. ನೂರು ವರ್ಷದ ಲೆಕ್ಕದಲ್ಲಿ ಭೂಮಿಯ ಬಿಸಿ ಹಿಡಿದಿಡುವುದರಲ್ಲಿ ಅದು ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 28 ಪಟ್ಟು ಜೋರು. ಅದೇ ಮೀಥೇನನ್ನು ಗೋಬರ್ ಗ್ಯಾಸಿನ ಗುಂಡಿಯಲ್ಲಿ ಹಿಡಿದು ಉರಿಸಿದರೆ ಅಡುಗೆಯೂ ಆಯಿತು, ಗೊಬ್ಬರವೂ ಉಳಿಯಿತು. ಹತ್ತು ದನ ಇರುವ ಮನೆಗೆ ಪುರದ ಲೆಕ್ಕದಂತೆ ದಿನಕ್ಕೆ 50 ಕೆ.ಜಿ. ಸೆಗಣಿ, 1.7 ಘನ ಮೀಟರ್ ಅನಿಲ. ಒಂದು ಸಂಸಾರದ ಅಡುಗೆಗೆ ಅಡ್ಡಿಯಿಲ್ಲ. ಎರಡೇ ದನ ಇದ್ದವರು ಏನು ಮಾಡಬೇಕು? ಮೂರ್ನಾಲ್ಕು ಮನೆ ಸೇರಬೇಕು. ಅಲ್ಲಿಂದಲೇ ಪಾಲಿನ ಪ್ರಶ್ನೆ, ತೂಕದ ಪ್ರಶ್ನೆ, ಜಗಳದ ಪ್ರಶ್ನೆ ಶುರು.

ಭಾರತ ಹುಣ್ಣಿಮೆಯ ಜಾತ್ರೆಯಲ್ಲಿ ಗುಡ್ಡದ ತುಂಬ ಚಕ್ಕಡಿಗಳು, ಕಲ್ಲಿನ ಒಲೆಗಳು, ಪಡ್ಡಲಗಿ ತುಂಬುವ ಅಡುಗೆಯ ಹೊಗೆ. ಇಷ್ಟು ಸೆಗಣಿ, ಇಷ್ಟು ಒಲೆ ಒಂದೇ ಕಡೆ ಇರುವಾಗ ಇಲ್ಲೇ ಒಂದು ದೊಡ್ಡ ಗ್ಯಾಸ್ ಸ್ಥಾವರ ಏಕಿರಬಾರದು ಎಂದು ಯಾರಿಗಾದರೂ ಅನ್ನಿಸೀತು. ತೊಡಕು ಇದೆ. ಗುಂಡಿಯ ಸೂಕ್ಷ್ಮಜೀವಿಗಳಿಗೆ ಜಾತ್ರೆಯ ಊಟ ಸಾಲದು, ನಿತ್ಯ ಊಟ ಬೇಕು. ವರ್ಷಕ್ಕೆ ಕೆಲವೇ ದಿನ ತುಂಬಿಸಿ ಉಳಿದ ದಿನ ಉಪವಾಸ ಕೆಡವಿದರೆ ಅನಿಲ ಬಾರದು.

ಇತ್ತ ಗುಡ್ಡದ ಬುಡದ ರೇಣುಕಾ ಸಾಗರದ ನೀರನ್ನು ಮೇಲೆ ಕಟ್ಟುವ ಜಲಾಶಯಕ್ಕೆ ಎತ್ತಿಟ್ಟು, ಬೇಕಾದ ಹೊತ್ತಿಗೆ ಇಳಿಸಿ ವಿದ್ಯುತ್ ತೆಗೆಯುವ ಭಾರಿ ಯೋಜನೆಯೊಂದು ರೂಪುಗೊಂಡಿದೆ. ಗಾಳಿ, ಬಿಸಿಲು ನಮಗೆ ಬೇಕೆಂದಾಗ ಬರುವುದಿಲ್ಲವಾದ್ದರಿಂದ ಇಂಥ ಕೂಡಿಡುವ ವ್ಯವಸ್ಥೆ ದೇಶಕ್ಕೆ ಬೇಕು, ಅನುಮಾನವಿಲ್ಲ. ಕಲ್ಲಿದ್ದಲು ಉಳಿಯುವುದು ಇಂಥ ದೊಡ್ಡ ಕೆಲಸಗಳಿಂದಲೇ ಹೊರತು ಒಂದೂರಿನ ಗೋಬರ್ ಗ್ಯಾಸಿನಿಂದಲ್ಲ. ಆದರೆ ಅದು ನಮ್ಮ ಹಂಡೆ ಒಲೆಯ ಹೊಗೆಯನ್ನು ಮುಟ್ಟುವುದಿಲ್ಲ. ಪುರದ ಜನ ಭೂಮಿಯ ಬಿಸಿ ತಗ್ಗಿಸಬೇಕೆಂದು ಸೆಗಣಿ ಹೊರಲಿಲ್ಲ. ಮನೆ ಹತ್ತಿರ ನೀರು ಬರಲಿ ಎಂದು ಹೊತ್ತರು. ಉಳಿದದ್ದು ತಾನಾಗಿ ಆಯಿತು. ಹಾಗಾದರೆ ಸವದತ್ತಿ ಸೀಮೆಯ ಒಂದು ಹಳ್ಳಿಗೆ ಇಂದು ಅಷ್ಟೇ ತುರ್ತಾಗಿ ಬೇಕಾದದ್ದು ಏನು? ಬೇಸಿಗೆಯಲ್ಲೂ ನಿಲ್ಲದ ನೀರೇ, ರೊಟ್ಟಿ ಬಡಿಯುವ ತಾಯಿಗೆ ಹೊಗೆ ಇಲ್ಲದ ಒಲೆಯೇ, ಹೊಲಕ್ಕೆ ಗೊಬ್ಬರವೇ? ಇದನ್ನು ಬೆಂಗಳೂರಿನಲ್ಲಿ ಕೂತು ಹೇಳಲು ಬಾರದು.

ಹೇಳಬಲ್ಲವರು ಹೈಸ್ಕೂಲು ಮಕ್ಕಳು. ಅಸ್ತ್ರದವರು ಮಾಡಿದ ಕೆಲಸಕ್ಕೆ ಬೇಕಾದದ್ದು ಒಂದು ತಕ್ಕಡಿ, ಒಂದು ನೋಟುಬುಕ್ಕು. ಬೆಳಿಗ್ಗೆ ಉರಿಸಲು ಇಟ್ಟುಕೊಂಡ ಕುಳ್ಳು, ಕಟ್ಟಿಗೆ ತೂಗಿ ಬರೆದುಕೊಳ್ಳಿ. ರಾತ್ರಿ ಉಳಿದದ್ದನ್ನು ತೂಗಿ ಕಳೆಯಿರಿ. ಏಳು ದಿನ ಹೀಗೆ ಮಾಡಿ. ಸಿಲಿಂಡರ್ ಎಷ್ಟು ದಿನಕ್ಕೆ ಖಾಲಿಯಾಗುತ್ತದೆ, ಕಟ್ಟಿಗೆ ತಂದವರು ಯಾರು, ಎಷ್ಟು ಹೊತ್ತು ಹಿಡಿಯಿತು, ದನ ಎಷ್ಟು, ಸೆಗಣಿ ಎಲ್ಲಿಗೆ ಹೋಯಿತು, ಎಲ್ಲವನ್ನೂ ಬರೆಯಿರಿ. ಲೆಕ್ಕ ಹಿಡಿಯುವುದನ್ನು ಅಪ್ಪ ಅಮ್ಮಂದಿರು ತಮಾಷೆ ಮಾಡದಿದ್ದರೆ ಸಾಕು. ಒಂದು ತರಗತಿಯ ಮೂವತ್ತು ನಲವತ್ತು ಮನೆಗಳ ನೋಟುಬುಕ್ಕು ಒಟ್ಟುಗೂಡಿದರೆ ಗ್ರಾಮಸಭೆಯ ಮುಂದಿಡಲು ಒಂದು ಕಾಗದ ಸಿಕ್ಕಿತು. ಜೂನ್‌ನಲ್ಲಿ ಶಾಲೆ ಶುರುವಾಗುವ ಹೊತ್ತಿಗೆ ಗುಡ್ಡದ ಮೇಲೆ ಗಾಳಿಯೂ ಎದ್ದಿರುತ್ತದೆ.